ಟೊಟೊರೊ ಕನ್ನಡ ಯಾಕೆ ಮಾತಾಡಲ್ಲ?



ಮೊದಲೇ ಒಂದು ತಪ್ಪೊಪ್ಪಿಗೆ. ನನಗೆ ವಯಸ್ಸು ಮೂವತ್ತೆಂಟು. ಮನೆ ಸಾಲ ಇದೆ, ಹೊಟ್ಟೆ ಸ್ವಲ್ಪ ಮುಂದಕ್ಕೆ ಬಂದಿದೆ, ಆಫೀಸಿನಲ್ಲಿ ಐದು ಜನರ ಕೋಡ್ ತಿದ್ದುವ ಜವಾಬ್ದಾರಿ ಇದೆ. ಇಷ್ಟೆಲ್ಲ ಇದ್ದೂ ನಾನು ಇವತ್ತಿಗೂ ಕಾರ್ಟೂನ್ ನೋಡುತ್ತೇನೆ. ಮಗಳ ನೆಪ ಹೇಳಬಹುದಿತ್ತು, ಆದರೆ ಅವಳು ಮಲಗಿದ ಮೇಲೂ ನೋಡುತ್ತೇನೆ. ನನ್ನ ಹೆಂಡತಿ ಸ್ನೇಹಿತರ ಮನೆಗೆ ಹೋದಾಗ "ನಮ್ಮ ಮನೇಲಿ ಇಬ್ಬರು ಮಕ್ಕಳು, ಒಬ್ಬಳಿಗೆ ಎಂಟು ವರ್ಷ, ಇನ್ನೊಬ್ಬರಿಗೆ ತಲೆ ನರೆತಿದೆ" ಅಂತ ನಗಿಸುವುದು ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ.

ಕಳೆದ ಪಾಟ್‌ಲಕ್‌ನಲ್ಲಿ ಬಿಸಿಬೇಳೆ ಬಾತ್ ಬಡಿಸಿಕೊಳ್ಳುತ್ತಾ ಒಬ್ಬ ಹಿರಿಯರು ಕೇಳಿದರು, "ಅಲ್ಲಪ್ಪಾ, ಓದಿದ ಇಂಜಿನಿಯರು ನೀನು, ಈ ಮಕ್ಕಳಾಟಿಕೆಯಲ್ಲಿ ಏನಿದೆ ಅಂತ ಇಷ್ಟು ಹೊತ್ತು ಕಳೀತೀಯ?" ಆಗ ಹಲ್ಲು ಕಿರಿದು ಸುಮ್ಮನಾದೆ. ಪತ್ರಿಕೆಗೆ ಏನಾದರೂ ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ ಆ ಪ್ರಶ್ನೆಗೇ ಉತ್ತರ ಬರೆಯೋಣ ಅನ್ನಿಸಿತು. ಉತ್ತರ ಸ್ವಲ್ಪ ಉದ್ದವಿದೆ, ಕಾಫಿ ಮಾಡಿಕೊಂಡು ಓದಿ.

ಒಂದೇ ಸೋಫಾ, ಎರಡು ದೇಶ

ಕಳೆದ ವರ್ಷ ಏಪ್ರಿಲ್‌ನಲ್ಲಿ ನನ್ನ ಅಮ್ಮ ತೀರ್ಥಹಳ್ಳಿ ಹತ್ತಿರದ ನಮ್ಮೂರಿನಿಂದ ಇಲ್ಲಿಗೆ, ಸಿಯಾಟಲ್‌ಗೆ ಬಂದಳು. ಅಪ್ಪ ಹೋದಮೇಲೆ ಒಬ್ಬಳೇ ಬಂದದ್ದು ಇದೇ ಮೊದಲು. ಆರು ತಿಂಗಳು ಇರುವ ಲೆಕ್ಕ. ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲ ಸುರಕ್ಷಿತವಾಗಿ ಬಂದವು. ಆದರೆ ಅವಳು ತಂದ ಮಾತುಗಳಿಗೆ ಈ ಮನೆಯಲ್ಲಿ ಕೇಳುವ ಕಿವಿ ಇರಲಿಲ್ಲ.

ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ. "ಊಟ ಮಾಡು", "ಚಪ್ಪಲಿ ಹಾಕ್ಕೋ", "ಬೇಗ ಬಾ", ಈ ಮಟ್ಟದ ಕನ್ನಡ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಿಮ್ಮ ಮನೆಯ ಕಥೆಯೂ ಇದೇ ಇದ್ದರೆ ಆಶ್ಚರ್ಯವಿಲ್ಲ. ಅಮ್ಮನಿಗೆ ಅವಳ ಇಂಗ್ಲಿಷಿನ ವೇಗ ಹಿಡಿಯಲಾಗುತ್ತಿರಲಿಲ್ಲ. ಮೊದಲ ವಾರ ಅಪ್ಪಿಕೊಂಡು ಮುದ್ದಾಡಿದರು. ಎರಡನೇ ವಾರದಿಂದ ಸೋಫಾದ ಆ ತುದಿಯಲ್ಲಿ ಅಮ್ಮ ಮೂರು ಸಲ ಓದಿದ ಹಳೆಯ ಸುಧಾ ಹಿಡಿದು ಕೂತಿದ್ದಳು, ಈ ತುದಿಯಲ್ಲಿ ಮಗಳು ಕಿವಿಗೆ ಹೆಡ್‌ಫೋನ್ ಹಾಕಿ ಐಪ್ಯಾಡ್ ಹಿಡಿದಿದ್ದಳು. ಆ ಐಪ್ಯಾಡ್ ಕೊಟ್ಟವನು ನಾನೇ. ಸಂಜೆ ಮೀಟಿಂಗ್ ಇದ್ದಾಗ ಮಗು ಗಲಾಟೆ ಮಾಡಬಾರದು ನೋಡಿ.

ಒಂದು ರಾತ್ರಿ ಅಮ್ಮ ನನ್ನನ್ನು ಕೇಳಿದಳು, "ನಾನು ಬಂದಿದ್ದು ಅವಳಿಗೆ ಬೇಜಾರಾ ಏನೋ?" ಏನು ಹೇಳಬೇಕೆಂದು ತಿಳಿಯದೆ "ಹಾಗೇನಿಲ್ಲಮ್ಮ, ಈಗಿನ ಮಕ್ಕಳೇ ಹಾಗೆ" ಅಂತ ತೇಲಿಸಿದೆ. ಅವತ್ತು ಸರಿಯಾಗಿ ನಿದ್ದೆ ಬರಲಿಲ್ಲ.

ಜಪಾನಿನ ಮಳೆ, ಮಲೆನಾಡಿನ ಗೊರಬು

ಮುಂದಿನ ಶನಿವಾರ ಹೊರಗೆ ಸಿಯಾಟಲ್‌ನ ಮಾಮೂಲಿ ಜಿಟಿಜಿಟಿ ಮಳೆ. ("ಇದನ್ನೂ ಮಳೆ ಅಂತೀರಾ ನೀವು?" ಅಂತ ಅಮ್ಮನ ಪ್ರಶ್ನೆ. ಆಗುಂಬೆ ಪಕ್ಕದವರಿಗೆ ಉತ್ತರ ಕೊಡುವುದು ಕಷ್ಟ.) ಐಪ್ಯಾಡ್ ಕಿತ್ತಿಟ್ಟು ಮೂವರೂ ದೊಡ್ಡ ಟೀವಿ ಮುಂದೆ ಕೂರೋಣ ಅಂದೆ. ಹಾಕಿದ್ದು 'ಮೈ ನೇಬರ್ ಟೊಟೊರೊ', ಹಯಾವೊ ಮಿಯಾಝಾಕಿ 1988ರಲ್ಲಿ ಮಾಡಿದ ಚಿತ್ರ. ನಮ್ಮಂಥ ಅಭಿಮಾನಿಗಳಿಗೆ ಒಂದು ಜಂಬ ಇರುತ್ತದೆ: ಇಂಗ್ಲಿಷ್ ಡಬ್ಬಿಂಗ್ ಬೇಡ, ಮೂಲ ಜಪಾನಿ ಧ್ವನಿಯೇ ಆಗಬೇಕು, ಕೆಳಗೆ ಇಂಗ್ಲಿಷ್ ಅಡಿಬರಹ ಇರಲಿ. ಆ ಜಂಬದಿಂದಲೇ ಹಾಗೆ ಹಾಕಿದೆ. ಅದರಿಂದ ಒಳ್ಳೆಯದೇ ಆಗುತ್ತದೆ ಅಂತ ನನಗೇನೂ ಗೊತ್ತಿರಲಿಲ್ಲ.

ಕಥೆ ತುಂಬಾ ಸರಳ. ಇಬ್ಬರು ಅಕ್ಕತಂಗಿಯರು, ಸತ್ಸುಕಿ ಮತ್ತು ಮೇ, ಅಪ್ಪನ ಜೊತೆ ಹಳ್ಳಿಯ ಹಳೇ ಮನೆಗೆ ಬರುತ್ತಾರೆ. ಅಮ್ಮ ಆಸ್ಪತ್ರೆಯಲ್ಲಿ. ಮನೆಯ ಪಕ್ಕದ ದೊಡ್ಡ ಕರ್ಪೂರದ ಮರದಲ್ಲಿ ಟೊಟೊರೊ ಎಂಬ ದಪ್ಪ ಹೊಟ್ಟೆಯ ಒಂದು ಕಾಡಿನ ಜೀವಿ. ಇದರಲ್ಲಿ ಖಳನಾಯಕ ಇಲ್ಲ, ಯುದ್ಧ ಇಲ್ಲ. ಮಿಯಾಝಾಕಿಯ ತಾಯಿಗೂ ಬೆನ್ನುಹುರಿಯ ಕ್ಷಯ ಬಂದು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು. ಆ ಭಯ ಚಿತ್ರದ ತಳದಲ್ಲಿ ಸದ್ದಿಲ್ಲದೆ ಇದೆ.

ಹಳೇ ಮನೆಯ ಕತ್ತಲೆ ಮೂಲೆಯಿಂದ ಕರೀ ಉಂಡೆಗಳಂಥ ಜೀವಿಗಳು ಪುರ್ರನೆ ಓಡಿದವು. ಅಮ್ಮ ಸುಧಾ ಕೆಳಗಿಟ್ಟಳು. "ಎಂತದೋ ಇದು, ಇಲ್ಲಣಕ್ಕೆ ಜೀವ ಬಂದಿದ್ಯಾ?" ಅಂದಳು.

ಇಲ್ಲಣ! ಅಡುಗೆಮನೆಯ ಮಾಡಿನಲ್ಲಿ ಹೊಗೆ ಕಟ್ಟಿ ನೇತಾಡುವ ಮಸಿ. ಆ ಪದ ಕೇಳಿ ನನಗೆ ಇಪ್ಪತ್ತು ವರ್ಷವಾಗಿತ್ತು. ಮಗಳು ಸಹಜವಾಗಿ, "ವಾಟ್ ಈಸ್ ಇಲ್ಲಣ, ಅಜ್ಜಿ?" ಅಂದಳು. ಅಜ್ಜಿ ಹೇಳಿದಳು. ಗದ್ದೆಯಲ್ಲಿ ಜನ ಬಗ್ಗಿ ಸಸಿ ನೆಡುವುದು ಕಂಡಾಗ "ನೆಟ್ಟಿ ಹಾಕ್ತಿದಾರೆ" ಅಂದಳು. ಕಟ್ಟಿಗೆ ಉರಿಸಿ ನೀರು ಕಾಯಿಸಿದ ಬಚ್ಚಲು ನೋಡಿ "ನಮ್ಮ ಹಂಡೆ ಒಲೆ ಹಾಗೇ" ಅಂದಳು. ಮಳೆಯಲ್ಲಿ ಬಸ್ ನಿಲ್ದಾಣದ ಪಕ್ಕ ಟೊಟೊರೊ ತಲೆ ಮೇಲೊಂದು ಎಲೆ ಇಟ್ಟುಕೊಂಡು ಬಂದು ನಿಂತಾಗ ಅವಳಿಗೆ ಮರುಕ ಬಂತು: "ಪಾಪ, ಗೊರಬೂ ಇಲ್ಲ ಅದಕ್ಕೆ!" ಅಪ್ಪ ಮಕ್ಕಳನ್ನು ಕರೆದುಕೊಂಡು ಹೋಗಿ ಆ ದೊಡ್ಡ ಮರಕ್ಕೆ ತಲೆಬಾಗಿ ವಂದಿಸಿದಾಗಂತೂ ಅಮ್ಮ ತಾನೂ ಕೈ ಮುಗಿದಳು. "ಇದು ನಮ್ಮ ಚೌಡಿ ಬನವೇ ಕಣೋ. ಜಪಾನಿನಲ್ಲೂ ಇದ್ಯಾ?"

ನಾನು ಈ ಚಿತ್ರವನ್ನು ಹತ್ತು ಸಲವಾದರೂ ನೋಡಿದ್ದೇನೆ. ಅನಿಮೇಷನ್ ತಂತ್ರ, ಹಿನ್ನೆಲೆಯ ಹಸಿರು, ಜೋ ಹಿಸಾಯಿಶಿಯ ಸಂಗೀತ, ಎಲ್ಲದರ ಮೇಲೂ ಗಂಟೆಗಟ್ಟಲೆ ಭಾಷಣ ಬಿಗಿಯಬಲ್ಲೆ. ಆದರೆ ಅದು ನಮ್ಮೂರಿನ ಚಿತ್ರ ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ವಿಷಯ ಗಮನಿಸಿದೆ. ಪಾತ್ರಗಳು ಮಾತಾಡಿದಾಗಲೆಲ್ಲ ಅಮ್ಮ ಮೊಮ್ಮಗಳ ಕಡೆ ತಿರುಗಿ "ಏನಂದ್ರು?" ಅಂತ ಕೇಳುತ್ತಿದ್ದಳು. ಮಗಳು ಅಡಿಬರಹ ಓದಿ ಕನ್ನಡದಲ್ಲಿ ಹೇಳಬೇಕಾಯಿತು. ಬೇರೆ ದಾರಿಯೇ ಇರಲಿಲ್ಲ. "ಅಜ್ಜಿ, ಅವಳು ಹೇಳ್ತಾಳೆ, ಅಮ್ಮ ನಾಳೆ ಬರಲ್ಲ, ಅಮ್ಮಗೆ ಕೋಲ್ಡ್ ಇದೆ." ಮೊದಲು ತಡವರಿಸಿದಳು, ನನ್ನ ಮುಖ ನೋಡಿದಳು. ಅರ್ಧ ಗಂಟೆಯಲ್ಲಿ ನನ್ನ ಕಡೆ ನೋಡುವುದನ್ನು ಬಿಟ್ಟಳು. ಕೆರೆಯಲ್ಲಿ ಪುಟ್ಟ ಚಪ್ಪಲಿಯೊಂದು ಸಿಕ್ಕಿ, ಊರಿನವರೆಲ್ಲ ಅದು ಕಾಣೆಯಾದ ಮೇಯದೇ ಇರಬಹುದು ಎಂದು ಹೆದರಿ ನಿಂತಾಗ ಅಜ್ಜಿಯೂ ಮೊಮ್ಮಗಳೂ ಒಬ್ಬರ ಕೈ ಒಬ್ಬರು ಗಟ್ಟಿಯಾಗಿ ಹಿಡಿದಿದ್ದರು. ಸತ್ಸುಕಿ ಬಂದು ಅದು ತಂಗಿಯ ಚಪ್ಪಲಿ ಅಲ್ಲ ಅಂದಳು. "ಅವಳದ್ದಲ್ಲ ಅಜ್ಜಿ, ಅವಳದ್ದಲ್ಲ!" ಅಂತ ಮಗಳು ಕೂಗಿದ್ದು ಕನ್ನಡದಲ್ಲಿ. ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಕೂತು ಯೋಚಿಸಿದೆ. ಮನೆಯಲ್ಲಿ ಇಂಗ್ಲಿಷ್ ಕಾರ್ಟೂನ್ ಹಾಕಿದರೆ ಮಗಳು ಪಂಡಿತೆ, ಅಮ್ಮ ಮೂಕಿ. ಕನ್ನಡ ಸೀರಿಯಲ್ ಹಾಕಿದರೆ ಅಮ್ಮ ಪಂಡಿತೆ, ಮಗಳು ಎದ್ದು ಹೋಗುತ್ತಾಳೆ. ಜಪಾನಿ ಇಬ್ಬರಿಗೂ ಬರುವುದಿಲ್ಲ. ಕಣ್ಣು ಅಜ್ಜಿಯದು, ಓದು ಮೊಮ್ಮಗಳದು. ಕಥೆ ತಿಳಿಯಬೇಕಾದರೆ ಒಬ್ಬರಿಗೊಬ್ಬರು ಬೇಕೇಬೇಕು. ಇಬ್ಬರ ನಡುವೆ ಇದ್ದ ಸಮಾನ ಭಾಷೆ ಒಂದೇ, ಅದು ಕನ್ನಡ.

ಚಿತ್ರ ಮುಗಿದ ಮೇಲೆ ಮಗಳು ಕೇಳಿದಳು, "ಅಪ್ಪಾ, ಟೊಟೊರೊ ಕನ್ನಡ ಯಾಕೆ ಮಾತಾಡಲ್ಲ?"

ಹಿಂದಿ ಮಾತಾಡಿದ ಸ್ವಾಮಿ

ಒಳ್ಳೆಯ ಪ್ರಶ್ನೆ. ಉತ್ತರ ಹೇಳಲು ನನ್ನ ಬಾಲ್ಯಕ್ಕೇ ಹೋಗಬೇಕು. 1990ರ ದಶಕದ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿ 'ಜಂಗಲ್ ಬುಕ್' ಬರುತ್ತಿತ್ತು. ನಿಮ್ಮಲ್ಲಿ ನನ್ನ ವಾರಿಗೆಯವರಿಗೆಲ್ಲ ಅದರ ಹಾಡು ಇವತ್ತಿಗೂ ಬಾಯಿಪಾಠ. ಕಥೆ ಬರೆದವನು ಇಂಗ್ಲಿಷಿನವನು, ಕಾಡು ಭಾರತದ್ದು, ಅನಿಮೇಷನ್ ಜಪಾನಿನ ನಿಪ್ಪಾನ್ ಸಂಸ್ಥೆಯದು, ಮಾತು ಹಿಂದಿ, ಶೇರ್ ಖಾನ್‌ಗೆ ಧ್ವನಿ ನಾನಾ ಪಾಟೇಕರ್‌ದು. ಇದನ್ನು ನೋಡುತ್ತಾ ಬಾಯಿ ಬಿಟ್ಟು ಕೂತವರು ತೀರ್ಥಹಳ್ಳಿ ಕಡೆಯ ನಾವು. ನನಗೆ ಶಾಲೆಯ ಹಿಂದಿ ಪಾಠಕ್ಕಿಂತ ಮೋಗ್ಲಿ ಕಲಿಸಿದ ಹಿಂದಿಯೇ ಹೆಚ್ಚು.

'ಮಾಲ್ಗುಡಿ ಡೇಸ್' ವಿಷಯ ಇನ್ನೂ ವಿಚಿತ್ರ. ಕಥೆ ಮೈಸೂರಿನಲ್ಲಿ ಬದುಕಿದ ಆರ್.ಕೆ. ನಾರಾಯಣ್ ಅವರದು. ನಿರ್ದೇಶನ ಶಂಕರ್ ನಾಗ್. ಚಿತ್ರೀಕರಣ ನಮ್ಮ ಪಕ್ಕದ ಆಗುಂಬೆಯಲ್ಲಿ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಇಷ್ಟೆಲ್ಲ ಕನ್ನಡದವರು ಸೇರಿ, ಕನ್ನಡದ ಮಣ್ಣಿನಲ್ಲಿ ಮಾಡಿದ ಧಾರಾವಾಹಿ ರಾಷ್ಟ್ರೀಯ ದೂರದರ್ಶನದಲ್ಲಿ ಬಂದದ್ದು ಹಿಂದಿಯಲ್ಲಿ. ನಮ್ಮೂರಿನ ಕೆಲವರು ಆಗುಂಬೆಗೆ ಹೋಗಿ ಶೂಟಿಂಗ್ ನೋಡಿ ಬಂದಿದ್ದರಂತೆ. ಅಮ್ಮ ಈಗಲೂ ನಗುತ್ತಾಳೆ, "ಆ ಹುಡುಗ ಊರಲ್ಲಿ ಕನ್ನಡದಲ್ಲೇ ಓಡಾಡ್ಕೊಂಡಿದ್ದ. ಟೀವಿ ಒಳಗೆ ಹೋದಮೇಲೆ ಹಿಂದಿ ಶುರು ಮಾಡಿದ." ಆ ಸ್ವಾಮಿ ಟೀವಿಯಲ್ಲಿ ಕನ್ನಡ ಮಾತಾಡಿದ್ದು ಮೂರು ದಶಕ ಕಳೆದ ಮೇಲೆ, 2020ರ ಲಾಕ್‌ಡೌನ್ ಹೊತ್ತಿನಲ್ಲಿ, ಡಬ್ಬಿಂಗ್ ಆಗಿ.

ಡಬ್ಬಿಂಗ್ ಅಂದಕೂಡಲೆ ನಮ್ಮಲ್ಲಿ ಜಗಳ ಶುರುವಾಗುತ್ತದೆ ಅಂತ ಗೊತ್ತು. ಆದರೂ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಇನ್ನೂ ಕಾಲೂರುತ್ತಿದ್ದಾಗ ಡಬ್ಬಿಂಗ್ ಬೇಡ ಅಂದ ಹಿರಿಯರ ಕಾಳಜಿ ಅರ್ಥವಾಗುವಂಥದ್ದು. ಕನ್ನಡದ ಕಲಾವಿದರಿಗೆ, ತಂತ್ರಜ್ಞರಿಗೆ ಕೆಲಸ ಸಿಗಬೇಕಿತ್ತು, ಸ್ವಂತ ಚಿತ್ರಗಳು ಬರಬೇಕಿತ್ತು, ಬಂದವು. ಅದರ ಋಣ ನಮ್ಮ ಮೇಲಿದೆ. ಆದರೆ ಅದೇ ಬೇಲಿ ಮುಂದಿನ ಐವತ್ತು ವರ್ಷ ಹಾಗೇ ಉಳಿಯಿತು. ಕಾನೂನಿನಲ್ಲಿ ಎಲ್ಲೂ ಇಲ್ಲದ ಈ ನಿಷೇಧದ ಬಗ್ಗೆ ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಆದೇಶ ಕೊಟ್ಟಿತು. ಅಷ್ಟರಲ್ಲಿ ಎರಡು ತಲೆಮಾರಿನ ಕನ್ನಡದ ಮಕ್ಕಳು ಬೇರೆ ಭಾಷೆಗಳಲ್ಲಿ ಕಾರ್ಟೂನ್ ನೋಡಿ ಬೆಳೆದಾಗಿತ್ತು. ದೊಡ್ಡವರ ಸಿನಿಮಾ ಉಳಿಸಲು ಕಟ್ಟಿದ ಬೇಲಿಯೊಳಗೆ ಮಕ್ಕಳ ಕಿವಿಗೆ ಕನ್ನಡವೇ ಬೀಳಲಿಲ್ಲ. 2009ರಲ್ಲಿ ಚಿಂಟು ಟೀವಿ ಶುರುವಾಗಿ ಕಾರ್ಟೂನುಗಳು ಕನ್ನಡ ಮಾತಾಡತೊಡಗಿದಾಗ ನಾನು ಹಾಸ್ಟೆಲ್ ಬಿಟ್ಟು ಕೆಲಸ ಹುಡುಕುತ್ತಿದ್ದೆ!

"ಕನ್ನಡದ ಮಾರುಕಟ್ಟೆ ಚಿಕ್ಕದು, ಯಾರು ಖರ್ಚು ಮಾಡುತ್ತಾರೆ?" ಅನ್ನುವವರಿಗೆ ಮೂರು ಉದಾಹರಣೆ ಕೊಡುತ್ತೇನೆ. 2016ರಲ್ಲಿ 'ಫೈಂಡಿಂಗ್ ನೀಮೋ' ಇಲ್ಲೇ ಅಮೆರಿಕದ ಮೂಲನಿವಾಸಿಗಳ ನವಾಹೊ ಭಾಷೆಗೆ ಡಬ್ ಆಯಿತು. 2017ರಲ್ಲಿ 'ಮೊವಾನಾ' ನ್ಯೂಜಿಲೆಂಡಿನ ಮಾವೋರಿ ಭಾಷೆಯಲ್ಲಿ ಬಂತು. 2019ರಲ್ಲಿ 'ಫ್ರೋಜನ್ 2' ಉತ್ತರ ಯುರೋಪಿನ ಸಾಮಿ ಭಾಷೆಯಲ್ಲಿ ಬಂತು. ಈ ಮೂರೂ ಭಾಷೆಗಳನ್ನಾಡುವ ಜನರನ್ನು ಒಟ್ಟು ಸೇರಿಸಿದರೂ ಬೆಂಗಳೂರಿನ ಒಂದು ಮೂಲೆ ತುಂಬುವುದಿಲ್ಲ. ಕನ್ನಡ ತಾಯ್ನುಡಿಯವರು 2011ರ ಜನಗಣತಿಯಲ್ಲೇ 4 ಕೋಟಿ 37 ಲಕ್ಷ. ಆ ಜನಾಂಗಗಳ ಹಿರಿಯರು, ಶಿಕ್ಷಕರು, ಕಲಾವಿದರು ನಮ್ಮ ಮಕ್ಕಳಿಗೆ ಇದು ಬೇಕು ಅಂತ ಮುಂದೆ ನಿಂತರು. ನಾವು ಕೇಳಿದ್ದು ಕಡಿಮೆ.

"ಡಬ್ಬಿಂಗ್ ಕನ್ನಡ ಕೇಳಕ್ಕಾಗಲ್ಲ, ಕೃತಕ" ಎನ್ನುವ ಆಕ್ಷೇಪವೂ ಇದೆ. ಇದನ್ನು ಒಪ್ಪುತ್ತೇನೆ. ಎಂಟು ವರ್ಷದ ಹುಡುಗಿ "ನಾನು ಅತ್ಯಂತ ಹರ್ಷಿತಳಾಗಿದ್ದೇನೆ" ಅಂದರೆ ಯಾರಿಗೆ ನಗು ಬರುವುದಿಲ್ಲ? ಆದರೆ ಅದು ಅನುವಾದಿಸಿದವರ ಸೋಮಾರಿತನ, ಭಾಷೆಯ ತಪ್ಪಲ್ಲ. ಪಿಕ್ಸಾರ್‌ನವರ 'ಇನ್‌ಸೈಡ್ ಔಟ್' (2015) ನೋಡಿ. ಅದರಲ್ಲಿ ಮಗು ಮುಖ ಸಿಂಡರಿಸುವ ತರಕಾರಿ ಬ್ರೊಕೊಲಿ. ಜಪಾನಿನ ಮಕ್ಕಳಿಗೆ ಬ್ರೊಕೊಲಿ ಕಂಡರೆ ಅಂಥ ದ್ವೇಷವಿಲ್ಲ, ದೊಣ್ಣೆಮೆಣಸಿನಕಾಯಿ ಕಂಡರೆ ಆಗುವುದಿಲ್ಲ ಅಂತ ಅಲ್ಲಿಗೆ ಕಳಿಸಿದ ಪ್ರತಿಯಲ್ಲಿ ತರಕಾರಿಯ ಚಿತ್ರವನ್ನೇ ಬದಲಿಸಿದರು! ಮನಸ್ಸಿಟ್ಟು ಮಾಡಿದರೆ ಹೀಗೆ ಆಗುತ್ತದೆ. ನಮ್ಮ ಮಕ್ಕಳಿಗಾದರೆ ಹಾಗಲಕಾಯಿ ಸಾಕು.

ಈಗ ಕಾಲ ಬದಲಾಗುತ್ತಿದೆ. 2023ರಲ್ಲಿ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್' ಭಾರತದಲ್ಲಿ ಬಿಡುಗಡೆಯಾದ ಭಾಷೆಗಳಲ್ಲಿ ಕನ್ನಡವೂ ಇತ್ತು. 2025ರಲ್ಲಿ 'ಮಹಾವತಾರ್ ನರಸಿಂಹ' ಅನಿಮೇಷನ್ ಚಿತ್ರವನ್ನು ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿತು, ಅದೂ ಕನ್ನಡದಲ್ಲಿ ಬಂತು. ಸಂತೋಷವೇ. ಆದರೆ ಟೊಟೊರೊ ಕನ್ನಡ ಕಲಿಯುವವರೆಗೆ ಕಾದರೆ ನನ್ನ ಮಗಳು ಕಾಲೇಜಿಗೆ ಹೋಗಿರುತ್ತಾಳೆ. ಅಲ್ಲಿಯತನಕ ಏನು ಮಾಡುವುದು?

ಮಾತಿಲ್ಲದ ಚಿತ್ರ, ನಾವೇ ಆಡುವ ಮಾತು

ಮಾತೇ ಇಲ್ಲದ ಕಾರ್ಟೂನ್ ಹಾಕಬೇಕು. ಅಮ್ಮ ಇದ್ದ ಆರು ತಿಂಗಳಲ್ಲಿ ನಾನು ಕಂಡುಕೊಂಡ ಉಪಾಯ ಇದು.

'ಟಾಮ್ ಅಂಡ್ ಜೆರಿ' 1940ರಿಂದ ಬಹುಪಾಲು ಮಾತಿಲ್ಲದೇ ಜಗತ್ತನ್ನು ನಗಿಸಿದೆ. ಬ್ರಿಟನ್ನಿನ ಆರ್ಡ್‌ಮನ್ ಸಂಸ್ಥೆಯ 'ಶಾನ್ ದ ಶೀಪ್' (2007ರಿಂದ) ಇದೆ. ಅದರಲ್ಲಿ ಕುರಿಗಳ ಮೇಲಧಿಕಾರಿಯಾದ ರೈತನೂ ಗೊಣಗುತ್ತಾನೆಯೇ ಹೊರತು ಒಂದು ಪದ ಆಡುವುದಿಲ್ಲ. (ನನ್ನ ಹಳೆಯ ಮ್ಯಾನೇಜರ್ ನೆನಪಾಗುತ್ತಾರೆ.) 'ವಾಲ್-ಇ' (2008) ಚಿತ್ರದ ಮೊದಲರ್ಧದಲ್ಲಿ ಮಾತು ಬೆರಳೆಣಿಕೆಯಷ್ಟು. ಲಾಟ್ವಿಯಾದ ಗಿಂಟ್ಸ್ ಝಿಲ್ಬಲೋಡಿಸ್ ಮಾಡಿದ 'ಫ್ಲೋ' (2024) ಚಿತ್ರದಲ್ಲಂತೂ ಒಂದೇ ಒಂದು ಮಾತಿಲ್ಲ. ಪ್ರವಾಹ ಬಂದು ಭೂಮಿ ಮುಳುಗುತ್ತದೆ, ಒಂದು ಕರೀ ಬೆಕ್ಕು ಬೇರೆ ಪ್ರಾಣಿಗಳ ಜೊತೆ ದೋಣಿಯಲ್ಲಿ ಹೋಗುತ್ತದೆ, ಅಷ್ಟೆ. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ಸಾಫ್ಟ್‌ವೇರಿನಲ್ಲಿ ಮಾಡಿದ ಈ ಚಿತ್ರ 2025ರಲ್ಲಿ ಆಸ್ಕರ್ ಗೆದ್ದಿತು. ಸಾಫ್ಟ್‌ವೇರ್‌ನವನಾಗಿ ನನಗೆ ಇದಕ್ಕಿಂತ ಖುಷಿಯ ಸುದ್ದಿ ಬೇಕೆ? ಅಮ್ಮನಿಗೆ ಬ್ಲೆಂಡರ್ ಅಂದರೆ ಮಿಕ್ಸಿ. ಆದರೆ ಬೆಕ್ಕು ನೀರಿಗೆ ಬಿದ್ದಾಗಲೆಲ್ಲ "ಅಯ್ಯಯ್ಯೋ ಹತ್ತು, ಹತ್ತು ಮೇಲೆ!" ಅಂತ ಕೂಗಿದ್ದಳು. ಮಗಳೂ "ಹತ್ತು, ಹತ್ತು!" ಅಂದಳು. ಹತ್ತು ಅಂದರೆ ಅಂಕಿ ಮಾತ್ರ ಅಂದುಕೊಂಡಿದ್ದವಳು ಅವಳು.

ಒಂದು ಸಂಜೆ ಪಿಕ್ಸಾರ್‌ನ 'ಬಾವ್' ಹಾಕಿ ಕೊಟ್ಟು ನಾನು ಪಾತ್ರೆ ತೊಳೆಯಲು ಹೋದೆ. ಡೋಮಿ ಶಿ ನಿರ್ದೇಶಿಸಿದ 2018ರ ಕಿರುಚಿತ್ರ, ಸುಮಾರು ಎಂಟು ನಿಮಿಷ, ಮಾತಿಲ್ಲ. ಕೆನಡಾದಲ್ಲಿ ನೆಲೆಸಿದ ಚೀನೀ ತಾಯಿಯೊಬ್ಬಳು ಮಾಡಿದ ಕಡುಬಿಗೆ ಜೀವ ಬರುತ್ತದೆ. ಮಗನಂತೆ ಸಾಕುತ್ತಾಳೆ. ಅವನು ದೊಡ್ಡವನಾಗಿ, ಹುಡುಗಿಯೊಬ್ಬಳನ್ನು ಕರೆತಂದು, ಗಂಟುಮೂಟೆ ಕಟ್ಟಿ ಹೊರಡುತ್ತಾನೆ. ತಡೆಯಲಾರದೆ ತಾಯಿ ಅವನನ್ನು ಗಬಕ್ಕನೆ ನುಂಗಿಬಿಡುತ್ತಾಳೆ.

ಮಗಳು ಬೆಚ್ಚಿಬಿದ್ದಳು. "ಅಜ್ಜಿ! ಯಾಕೆ ತಿಂದ್ಲು? ಅದು ಅವಳ ಮಗು ಅಲ್ವಾ?"

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು, "ಬಿಟ್ಟು ಹೋಗ್ತಾನಲ್ಲ, ಅದಕ್ಕೆ ಪುಟ್ಟಿ. ನಿನ್ನ ಅಪ್ಪ ಅಮೆರಿಕಕ್ಕೆ ಹೊರಟಾಗ ನಂಗೂ ಹಂಗೇ ಅನ್ಸಿತ್ತು."

"ಅಪ್ಪನ್ನ ತಿನ್ಬೇಕು ಅಂತಾ?"

"ಹ್ಞೂಂ. ಉಪ್ಪು ಖಾರ ಹಾಕಿ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ನಲ್ಲಿ ಬಿಟ್ಟುಕೊಂಡು, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ ನಿಂತಿದ್ದೆ. ನಾನು ಊರು ಬಿಟ್ಟು ಹದಿನಾಲ್ಕು ವರ್ಷ. ವಾರಕ್ಕೊಮ್ಮೆ ಫೋನಿನಲ್ಲಿ "ಆರಾಮಿದೀನಿ, ನೀ ಹೆಂಗಿದೀಯ" ಬಿಟ್ಟರೆ ಅಮ್ಮ ಇಂಥ ಮಾತನ್ನು ನನ್ನ ಹತ್ತಿರ ಒಮ್ಮೆಯೂ ಆಡಿದವಳಲ್ಲ. ಆಡಿದ್ದು ಮೊಮ್ಮಗಳ ಹತ್ತಿರ, ಒಂದು ಕಡುಬಿನ ಕಾರ್ಟೂನ್ ನೋಡಿ. ಪಾಟ್‌ಲಕ್‌ನಲ್ಲಿ "ಇದರಲ್ಲಿ ಏನಿದೆ" ಅಂತ ಕೇಳಿದ ಹಿರಿಯರಿಗೆ ನನ್ನ ಉತ್ತರ ಇದೇ.

ಅಭಿಮಾನಿಯ ನಾಲ್ಕು ಮಾತು

ಕೊನೆಗೆ, ಕೇಳದಿದ್ದರೂ ಕೊಡುವ ಸಲಹೆಗಳು. ಅಭಿಮಾನಿಗಳ ಚಾಳಿ, ಸಹಿಸಿಕೊಳ್ಳಿ.

ಒಂದು, ಆಯ್ಕೆ ನಿಮ್ಮದಿರಲಿ. ಒಂದು ಮುಗಿಯುವಷ್ಟರಲ್ಲಿ ತಾನೇ ಇನ್ನೊಂದು ಶುರುವಾಗುವ ಆಟೋಪ್ಲೇಯನ್ನು ಮೊದಲು ಬಂದ್ ಮಾಡಿ. ಇಂಥವನ್ನು ರೂಪಿಸುವ ವೃತ್ತಿಯಲ್ಲೇ ಇರುವವನು ಹೇಳುತ್ತಿದ್ದೇನೆ, ಅದು ನಿಮ್ಮ ಮಗುವಿನ ಅನುಕೂಲಕ್ಕೆ ಮಾಡಿದ್ದಲ್ಲ. ಚಿತ್ರ ಮುಗಿದ ಮೇಲಿನ ಐದು ನಿಮಿಷದ ಹರಟೆಯೇ ನಿಜವಾದ ಕನ್ನಡ ಪಾಠ. ಆಟೋಪ್ಲೇ ಕಸಿದುಕೊಳ್ಳುವುದು ಸರಿಯಾಗಿ ಆ ಐದು ನಿಮಿಷವನ್ನು.

ಎರಡು, ನಿಧಾನದ ಚಿತ್ರಗಳಿಗೆ ಹೆದರಬೇಡಿ. ಮಿಯಾಝಾಕಿ ತಮ್ಮ ಚಿತ್ರಗಳಲ್ಲಿ ಏನೂ ನಡೆಯದ ಗಳಿಗೆಗಳನ್ನು ಬೇಕೆಂದೇ ಇಡುತ್ತಾರೆ. ಎರಡು ಚಪ್ಪಾಳೆಗಳ ನಡುವಿನ ಆ ಖಾಲಿಗೆ ಜಪಾನಿಯಲ್ಲಿ 'ಮಾ' ಅನ್ನುತ್ತಾರೆ. ಅಮ್ಮ ಇದನ್ನೇ "ಇದ್ರಲ್ಲಿ ಉಸಿರಾಡಕ್ಕೆ ಪುರುಸೊತ್ತು ಇದೆ" ಅಂದಳು. ಆ ಪುರುಸೊತ್ತಿನಲ್ಲೇ ಅಜ್ಜಿ ಮಾತಾಡಲು ಸಾಧ್ಯವಾದದ್ದು.

ಮೂರು, ಮಕ್ಕಳು ಹತ್ತು ದಾಟಿದ್ದರೆ 'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್' ತೋರಿಸಿ. 2005ರಿಂದ 2008ರವರೆಗೆ ಬಂದ 61 ಕಂತುಗಳು, ಎಳೆದಾಡದೆ ಕಥೆ ಮುಗಿಸಿದ್ದಾರೆ. (ನಮ್ಮ ಮೆಗಾ ಸೀರಿಯಲ್‌ನವರು ಗಮನಿಸಲಿ.) ಅವತಾರ, ಚಕ್ರ, ಗುರು, ನಮ್ಮವೇ ಪದಗಳು ಅದರ ಕಥೆಯೊಳಗಿವೆ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಐರೋ ಎಂಬ ಮುದುಕ ಗುಡ್ಡದ ಮರದ ಕೆಳಗೆ ಒಬ್ಬನೇ ಕೂತು ಹಾಡುವ ಭಾಗ ಬರುತ್ತದೆ. ಅವನಿಗೆ ಧ್ವನಿ ಕೊಟ್ಟ ನಟ ಮಾಕೊ 2006ರಲ್ಲಿ ತೀರಿಕೊಂಡರು, ಆ ಭಾಗವನ್ನು ಅವರಿಗೇ ಅರ್ಪಿಸಿದ್ದಾರೆ. ಹಾಸ್ಟೆಲಿನಲ್ಲಿ ಎಂಟು ಜನ ಗಂಡಸರು ಒಂದೇ ಕಂಪ್ಯೂಟರಿನ ಮುಂದೆ ಕೂತು ಅದನ್ನು ನೋಡಿ, ಕಣ್ಣಿಗೆ ಧೂಳು ಬಿತ್ತು ಅಂತ ಹೊರಗೆ ಹೋಗಿದ್ದೆವು.

ನಾಲ್ಕು, ನಮ್ಮ ಕೂಟಕ್ಕೆ ಒಂದು ಕೋರಿಕೆ. ಕನ್ನಡ ಕಲಿ ತರಗತಿ ನಡೆಯುವ ಭಾನುವಾರಗಳಲ್ಲಿ ತಿಂಗಳಿಗೊಮ್ಮೆ ಮಾತಿಲ್ಲದ ಒಂದು ಕಿರುಚಿತ್ರ ತೋರಿಸೋಣ. ಊರಿನಿಂದ ಬಂದಿರುವ ಅಜ್ಜ ಅಜ್ಜಿಯರನ್ನು ಮಕ್ಕಳ ಪಕ್ಕದಲ್ಲೇ ಕೂರಿಸೋಣ. ಚಿತ್ರ ಮುಗಿದ ಮೇಲೆ ಒಂದೊಂದು ಮಗು ಅದರ ಕಥೆ ಕನ್ನಡದಲ್ಲಿ ಹೇಳಲಿ, ಪದ ಸಿಗದಿದ್ದಾಗ ಅಜ್ಜಿ ಕೊಡಲಿ. ವ್ಯಾಕರಣ ತಪ್ಪಿದರೆ ನಾವು ಯಾರೂ ನಗಬಾರದು, ಅದೊಂದೇ ನಿಯಮ. ಪ್ರೊಜೆಕ್ಟರ್ ನಾನು ತರುತ್ತೇನೆ, ಕಾಫಿ ಫ್ಲಾಸ್ಕನ್ನೂ ತರುತ್ತೇನೆ. ರಾಜ್ಯೋತ್ಸವದ ದಿನ ಮಕ್ಕಳಿಗೆ ಅರ್ಥ ತಿಳಿಯದ ಹಾಡು ಬಾಯಿಪಾಠ ಮಾಡಿಸಿ ವೇದಿಕೆ ಹತ್ತಿಸುವುದಕ್ಕಿಂತ ಇದರಿಂದ ಹೆಚ್ಚು ಕನ್ನಡ ಬಂದೀತು ಅಂತ ನನ್ನ ನಂಬಿಕೆ. ಈ ಮಾತಿಗೆ ಸಾಂಸ್ಕೃತಿಕ ಸಮಿತಿಯವರು ನನ್ನನ್ನು ಬೈಯಬಹುದು, ಬೈಯಲಿ.

ಅಮ್ಮ ಅಕ್ಟೋಬರ್‌ನಲ್ಲಿ ಊರಿಗೆ ಹೋದಳು. ವಿಮಾನ ನಿಲ್ದಾಣದಲ್ಲಿ ಮಗಳು ಅಜ್ಜಿಯ ಸೆರಗು ಹಿಡಿದು ನಿಂತು, "ಅಜ್ಜಿ, ನಿನ್ನ ತಿಂದ್ಬಿಡ್ಲಾ?" ಅಂದಳು. ಪಕ್ಕದಲ್ಲಿದ್ದ ಇನ್ನೊಂದು ಕನ್ನಡ ಕುಟುಂಬ ಗಾಬರಿಯಿಂದ ನೋಡಿತು.

ಈಗ ಪ್ರತಿ ಶನಿವಾರ ರಾತ್ರಿ, ಊರಿನಲ್ಲಿ ಭಾನುವಾರ ಬೆಳಿಗ್ಗೆ, ವಾಟ್ಸಾಪಿನಲ್ಲಿ ಅಜ್ಜಿಗೆ ಮೊಮ್ಮಗಳು ಆ ವಾರದ ಕಾರ್ಟೂನಿನ ಕಥೆ ಹೇಳುತ್ತಾಳೆ. ಕನ್ನಡದಲ್ಲಿ ಅರ್ಧ ಇಂಗ್ಲಿಷ್ ಬೆರೆತಿರುತ್ತದೆ, ಕ್ರಿಯಾಪದಗಳು ಎಲ್ಲೆಲ್ಲೋ ಬೀಳುತ್ತವೆ. ನೆಟ್‌ವರ್ಕ್ ಕೈಕೊಟ್ಟರೆ ಅಮ್ಮ ಫೋನ್ ಹಿಡಿದು ಅಂಗಳಕ್ಕೆ ಬಂದು ನಿಲ್ಲುತ್ತಾಳೆ. ಕಳೆದ ವಾರ ಆಕಳಿಸುತ್ತಾ ಮಲಗಲು ಹೊರಟ ಮಗಳನ್ನು ಅಮ್ಮನೇ ತಡೆದು ಕೇಳಿದಳು, "ಆ ಬೆಕ್ಕಿನ ಬಸ್ಸು ಇನ್ನೊಂದ್ಸಲ ಹೇಳೇ, ಅದಕ್ಕೆ ಎಷ್ಟು ಕಾಲು ಅಂದೆ?"

ನಿಮ್ಮ ಮನೆಯಲ್ಲಿ ಏನು ನೋಡುತ್ತೀರಿ, ಯಾರ ಜೊತೆ ಕೂತು ನೋಡುತ್ತೀರಿ? ಬರೆದು ತಿಳಿಸಿ. ನನ್ನ ಅಭಿಪ್ರಾಯ ತಪ್ಪು ಅನ್ನಿಸಿದರೂ ಬರೆಯಿರಿ, ಕನ್ನಡದಲ್ಲಿ ಬೈದರೆ ಇನ್ನೂ ಸಂತೋಷ.

ನಿಮ್ಮವ,
ಕೂಟದ ಒಬ್ಬ ಕಾರ್ಟೂನ್ ಹುಚ್ಚ